ಹರಳುಗಟ್ಟದ ತುಪ್ಪ

ಹೊಸಬಾಳೆಯ ಉಚ್ಚಂಗಮ್ಮ ಕೂತು ಉಂಡದ್ದನ್ನು ಊರಲ್ಲಿ ಕಂಡವರಿಲ್ಲ. ಒಲೆಯ ಮುಂದೆ ಒಂದು ತುತ್ತು, ಕೊಟ್ಟಿಗೆಯ ಬಾಗಿಲಲ್ಲಿ ಇನ್ನೊಂದು. ಗಂಡ ತೀರಿಕೊಂಡ ಮೂರನೇ ದಿನವೇ ಚೊಂಬು ಹಿಡಿದು ಎಮ್ಮೆಯ ಬುಡದಲ್ಲಿದ್ದಳು. ಕಲ್ಲೆದೆಯವಳು ಅಂದರು. ಕೂತರೆ ಯೋಚನೆಯೂ ಬಂದು ಪಕ್ಕದಲ್ಲಿ ಕೂರುತ್ತದೆಂದು ಅವಳಿಗೆ ಗೊತ್ತಿತ್ತು. ಅದಕ್ಕೆ ಮಣೆ ಹಾಕುವ ಮನಸ್ಸಿರಲಿಲ್ಲ, ಅಷ್ಟೆ.

ಆನವಟ್ಟಿಯ ಏಳೆಂಟು ಮನೆಗಳಿಗೆ ಅವಳದೇ ತುಪ್ಪ. ಬೆರಳಲ್ಲಿ ಉಜ್ಜಿದರೆ ರವೆಯಂಥ ಹರಳು ಸಿಗುತ್ತಿತ್ತು. ಆ ಹರಳೇ ಅವಳ ಹೆಸರು.

ಐವತ್ತೆಂಟನೇ ಇಸವಿಯ ಮಾಗಿಯಲ್ಲಿ ವ್ಯಾಪಾರದ ಪರಮಶಿವಪ್ಪನವರ ಮನೆಯಿಂದ ಹೇಳಿಕಳಿಸಿದ್ದರು. ಮೊಮ್ಮಗುವಿಗೆ ಹೆಸರಿಡುವ ಊಟ, ಹಿಂದಿನ ದಿನವೇ ತುಪ್ಪ ಬೇಕು. ಬೆಣ್ಣೆ ಸಾಲುವಷ್ಟು ಕೂಡಿದ್ದು ಆ ದಿನ ಬೆಳಗಿನ ಜಾವಕ್ಕೆ. ಕಾಯಿಸಿದಳು. ಬಸ್ಸಿಗೆ ಹೊತ್ತಾಗುತ್ತಿತ್ತು. ಹಿಂದೊಮ್ಮೆ ಬಿಸಿ ತುಪ್ಪ ತುಳುಕಿ ಕಂಡಕ್ಟರನ ಕಾಲ ಮೇಲೆ ಬಿದ್ದಿತ್ತು. ಅವನ ಬೈಗುಳ ನೆನಪಾಯಿತು. ಎಮ್ಮೆಗೆ ನೀರಿಡುವ ಕಲ್ಲುಬಾನಿಯಲ್ಲಿ ರಾತ್ರಿಯ ಚಳಿಗೆ ಕೊರೆಯುತ್ತಿದ್ದ ನೀರಿತ್ತು. ಪಾತ್ರೆಯನ್ನು ಅದರೊಳಗಿಟ್ಟು ಸೌಟಿನಿಂದ ಗರಗರ ತಿರುಗಿಸಿದಳು. ನೋಡುನೋಡುತ್ತ ತುಪ್ಪ ಬೆಳ್ಳಗೆ ಗಟ್ಟಿಯಾಯಿತು. ಗೆದ್ದೆ ಅಂದುಕೊಂಡು ತಂಬಿಗೆಗೆ ತುಂಬಿ ಓಡಿದಳು.

ಪರಮಶಿವಪ್ಪನವರ ಹೆಂಡತಿ ರಾಜೇಶ್ವರಮ್ಮ ಒಂದು ಬೆರಳು ತೆಗೆದು ಉಜ್ಜಿದರು. ಮತ್ತೆ ಉಜ್ಜಿದರು.

“ಉಚ್ಚಂಗಮ್ಮ, ಇದೇನೇ ಮೇಣ ಇದ್ದಂಗೈತಲ್ಲ? ಹರಳೆಲ್ಲಿ?”

ಉಚ್ಚಂಗಮ್ಮ ತಾನೂ ಉಜ್ಜಿ ನೋಡಿದಳು. ಬೆರಳು ನುಣ್ಣಗೆ ಜಾರಿತು.

“ಡಬ್ಬದ ವನಸ್ಪತಿ ಬೆರೆಸಿದೀಯೇನು? ಹೇಳಿಬಿಡು. ನಾಳೆ ಸ್ವಾಮಿಗಳು ಎಡೆಗೆ ಕೂರ್ತಾರೆ.”

“ಅಮ್ಮಾರೇ, ನನ್ನ ಎಮ್ಮೆ ಆಣೆ!”

“ಎಮ್ಮೆ ಬಂದು ಸಾಕ್ಷಿ ಹೇಳ್ತದಾ?” ತೊಟ್ಟಿಲು ತೂಗುತ್ತಿದ್ದ ರಾಜೇಶ್ವರಮ್ಮನವರ ಅತ್ತೆ ದ್ಯಾಮಮ್ಮ ನಕ್ಕರು. ಹಲ್ಲಿಲ್ಲದಿದ್ದರೂ ಆ ಮಾತು ಕಚ್ಚಿತು.

ಈ ಮನೆಯವರು ಬೇಡವೆಂದರೆ ಸಂಜೆಯೊಳಗೆ ಉಳಿದ ಮನೆಗಳ ಬಾಗಿಲೂ ಮುಚ್ಚಿದ ಹಾಗೆಯೇ. ಆಗ ಅವಳಿಗೆ ಕಲ್ಲುಬಾನಿ ಕಣ್ಣಿಗೆ ಕಟ್ಟಿತು. ‘ಆರೋ ತುಪ್ಪ ಮಲಗಿದ ಕೂಸು ಕಣೇ, ಮುಟ್ಟಬ್ಯಾಡ’ ಎಂದು ಅವ್ವ ಹೇಳುತ್ತಿದ್ದಳು.

“ತುಪ್ಪದ್ದೇನೂ ತಪ್ಪಿಲ್ರೀ, ತಪ್ಪು ನನ್ನ ಕೈದು. ತಣ್ಣೀರಲ್ಲಿಟ್ಟು ದಬಾಯಿಸಿ ಆರಿಸಿಬಿಟ್ಟೆ. ಮಲಗಿದ ಕೂಸನ್ನ ಅಲುಗಿಸಿ ಎಬ್ಬಿಸಿದಂಗಾತು, ಹರಳು ಕಟ್ಟಾಕೆ ಪುರಸೊತ್ತು ಕೊಡಲಿಲ್ಲ. ನಿಮ್ಮ ಒಲೆ ಕೊಡ್ರಿ, ನಿಮ್ಮ ಕಣ್ಣೆದುರಿಗೇ ಕರಗಿಸ್ತೀನಿ. ತಾನಾಗೇ ಆರಲಿ. ಸಂಜೆಗೂ ಹರಳು ಕಟ್ಟದಿದ್ರೆ ಇನ್ನು ಈ ಆನವಟ್ಟಿಗೇ ಕಾಲಿಡಾದಿಲ್ಲ.”

ಬೆಳ್ಳಗಿದ್ದದ್ದು ಒಲೆಯ ಮೇಲೆ ಹೊನ್ನಿನ ನೀರಾಯಿತು. ತಂಬಿಗೆಗೆ ಸುರಿದು, ನಡುಮನೆಯ ಮೂಲೆಯಲ್ಲಿ ಸಿಂಬೆಯ ಮೇಲಿಟ್ಟು, ಬಟ್ಟೆ ಮುಚ್ಚಿದಳು.

“ನೀನೂ ಇಲ್ಲೇ ಕೂತಿರು. ಆಮೇಲೆ ಯಾರೋ ಬದಲಾಯಿಸಿದ್ರು ಅನ್ನಬಾರದು,” ಎಂದರು ರಾಜೇಶ್ವರಮ್ಮ.

ಕೂತಳು. ಸೆರಗು ಸರಿಮಾಡಿಕೊಂಡಳು. ಸೊಪ್ಪು ಬಿಡಿಸಿಕೊಡಲೇ ಎಂದಳು, ಬೇಡವೆಂದರು. ಇದ್ದಲ್ಲೇ ಕೈಗೆಟುಕುವಷ್ಟು ನೆಲ ಸವರಿದಳು. ಕೈ ಎರಡು ಸಲ ತಂಬಿಗೆಯ ಕಡೆ ಹೋಗಿ ಹಿಂದೆ ಬಂತು.

“ಉಚ್ಚಂಗಿ ಕೂತದ್ದನ್ನ ನೋಡಾಕೆ ಟಿಕೀಟು ಇಡಬೇಕು ಕಣೇ,” ಎಂದರು ದ್ಯಾಮಮ್ಮ. “ನಮ್ಮನೇಲಿ ಈಗ ಎರಡು ಕೂಸು. ಒಂದನ್ನ ತೂಗಬೇಕು, ಇನ್ನೊಂದನ್ನ ಅಲುಗಿಸಬಾರದು.”

ಮಧ್ಯಾಹ್ನ ಕಳೆಯಿತು. ತೊಟ್ಟಿಲು ಕಿರ್ರ್ ಎನ್ನುತ್ತಿತ್ತು. ಆಗ ಅವಳು ಹೆದರಿದ್ದದ್ದೇ ಬಂತು: ಗಂಡನ ಕೆಮ್ಮು, ಕೊನೆಯ ದಿನ ಅವನು ‘ಒಂದು ಗಳಿಗೆ ಕೂತ್ಕೋಳೇ’ ಅಂದದ್ದು, ‘ಹಾಲು ಕರೆದು ಬಂದೆ’ ಎಂದು ತಾನು ಎದ್ದು ಹೋದದ್ದು. ಎದ್ದು ಹೋಗಲು ಈಗ ಎಡೆಯಿಲ್ಲ. ಕಣ್ಣೀರು ತಾನಾಗಿ ಹರಿಯಿತು. ದ್ಯಾಮಮ್ಮ ನೋಡಿ, ಮುಖ ತೊಟ್ಟಿಲ ಕಡೆ ತಿರುಗಿಸಿಕೊಂಡರು.

ಬೀದಿಯಲ್ಲಿ ಊರಿನ ಕಡೆ ಹೋಗುವ ಕೊನೆಯ ಬಸ್ಸಿನ ಹಾರನ್ನು ಕೇಳಿಸಿತು. ಬೇರೆಯವರ ಕೈಗೆ ಅವಳ ಎಮ್ಮೆ ಸೊರೆ ಬಿಟ್ಟು ಹಾಲು ಕೊಡುತ್ತಿರಲಿಲ್ಲ. ಎದ್ದೇಬಿಟ್ಟಳು. ಬಟ್ಟೆ ಸರಿಸಿ ಇಣುಕಿದಳು: ಮೇಲೆ ಇನ್ನೂ ನೀರಾಗಿಯೇ ಇತ್ತು. ಈಗ ಹೋದರೆ ಹೊತ್ತುಕೊಂಡು ಹೋಗುವುದು ಕಳ್ಳಿಯೆಂಬ ಹೆಸರು. ಮತ್ತೆ ಕೂತಳು. ಬಸ್ಸಿನ ಸದ್ದು ಸಣ್ಣಗಾಗುತ್ತ ಹೋಯಿತು.

ದೀಪ ಹಚ್ಚಿದ ಮೇಲೆ ರಾಜೇಶ್ವರಮ್ಮ ಬಟ್ಟೆ ತೆಗೆದರು. ಮೇಲೆ ತೆಳ್ಳನೆಯ ತಿಳಿ. ಚಮಚ ತಳಕ್ಕಿಳಿಸಿದರೆ ಮರಳು ಮೊಗೆದಂತಾಯಿತು. ಅವರು ಉಜ್ಜಿದರು. ಹರಳುಗಳು ಬೆರಳಿಗೆ ಸಿಕ್ಕು, ಒಂದು ಗಳಿಗೆ ನಿಂತು, ಮೈಬಿಸಿಗೆ ಕರಗಿದವು.

“ನಿನ್ನದೇ ಕಣೇ,” ಎಂದರು ಮೆಲ್ಲಗೆ. “ನಾಳೆ ಊಟ ಮುಗಿಸಿಕೊಂಡೇ ಹೋಗು.”

“ಊಟಕ್ಕೆ ಕೂತ್ರೆ ನನ್ನ ಎಮ್ಮೆ ಗತಿ ಏನ್ರೀ? ಬೆಳಗಿನ ಬಸ್ಸಿಗೇ ಹೊರಟೆ,” ಎನ್ನುತ್ತ ಉಚ್ಚಂಗಮ್ಮ ಏಳಹೋದಳು. ಆಗಲಿಲ್ಲ. ಎರಡೂ ಕಾಲಿಗೆ ಜೋಮು ಹಿಡಿದಿತ್ತು.

“ಅವಸರ ಮಾಡಬ್ಯಾಡ,” ದ್ಯಾಮಮ್ಮ ತೊಟ್ಟಿಲು ನಿಲ್ಲಿಸಿ ಕೈ ಚಾಚಿದರು. “ಅದೂ ತಾನಾಗೇ ಇಳೀತದೆ.”