ಎಲ್ಲವನ್ನೂ ಬಲಕ್ಕೇ ತಿರುಗಿಸಿದ ಭಾವ

ಅಜ್ಜಂಪುರದಲ್ಲಿ ಸೈಕಲ್ ಶಾಪ್ ಇಟ್ಟಿದ್ದ ನಮ್ಮ ಭಾವನವರ ಕೈಗೆ ಗ್ರೀಸ್ ಮೆತ್ತಿದ್ದನ್ನು ಕಂಡವರಿಲ್ಲ. ಬಲಗೈಯ ಕಿರುಬೆರಳಿನ ಉಗುರನ್ನು ಉದ್ದ ಬಿಟ್ಟು, ಅದರಿಂದ ಕಿವಿ ಕೆರೆದುಕೊಳ್ಳುತ್ತ, ಇಸ್ತ್ರಿ ಹಾಕಿದ ಬಿಳಿ ಪಂಚೆ ಮಡಿಚಿಕೊಂಡು ಅಂಗಡಿಯ ಮುಂದಿನ ಕಬ್ಬಿಣದ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಗಿರಾಕಿ ಬಂದರೂ ಏಳುತ್ತಿರಲಿಲ್ಲ. ಪಂಪು ಯಾವ ಮೂಲೆಯಲ್ಲಿದೆ ಎಂದು ಗದ್ದ ಎತ್ತಿ ತೋರಿಸುವರು, ಗಿರಾಕಿಯೇ ಗಾಳಿ ಹೊಡೆದುಕೊಳ್ಳಬೇಕು.

ಅವರು ನನ್ನ ಯಜಮಾನರ ಅಣ್ಣ. ಎಂಬತ್ತರ ದಶಕದಲ್ಲಿ ನಾವೆಲ್ಲ ಒಂದೇ ಮನೆಯಲ್ಲಿದ್ದೆವು. ಅಲ್ಲಿ ಅವರು ಹೇಳಿದ್ದೇ ಕಡೆಯ ಮಾತು, ನನ್ನ ಯಜಮಾನರ ಕೆಲಸ ಅದಕ್ಕೆ ತಲೆಯಾಡಿಸುವುದು. ಭಾವನವರಿಗೆ ಪಂಕ್ಚರ್ ಹಾಕಲು ಬರುತ್ತಿತ್ತು, ಬಾಡಿಗೆ ವಸೂಲಿ ಇನ್ನೂ ಚೆನ್ನಾಗಿ ಬರುತ್ತಿತ್ತು. ಬಿಚ್ಚಿ ಜೋಡಿಸುವ ಕೆಲಸ ಬಂದರೆ ಸೈಕಲನ್ನು ಬಸ್ಸಿನ ಟಾಪಿಗೆ ಹಾಕಿಸಿ ಕಡೂರಿಗೆ ಕಳಿಸಿ, ತಿರುಗಿ ಬಂದ ಮೇಲೆ ತಾವೇ ಮಾಡಿದ್ದು ಎನ್ನುವರು. ಆದರೆ ಶಾಸ್ತ್ರಕ್ಕೇನೂ ಕೊರತೆಯಿರಲಿಲ್ಲ. ದಿನಾ ಬೆಳಿಗ್ಗೆ ಸ್ಪ್ಯಾನರಿಗೆ ಕುಂಕುಮವಿಟ್ಟು, ಊದುಬತ್ತಿ ಹಚ್ಚಿ, ಯಾವುದಾದರೊಂದು ನಟ್ಟನ್ನು ಒಂದು ಸುತ್ತು ಬಲಕ್ಕೆ ತಿರುಗಿಸದೆ ಯಾರಿಗೂ ಸೈಕಲ್ ಕೊಡುತ್ತಿರಲಿಲ್ಲ. "ಕಬ್ಣಾನೂ ದೇವ್ರೇ ಕಣ್ರೀ. ಪ್ರದಕ್ಷಿಣೆ ಬಲಕ್ಕೇ ಬರ್ಬೇಕು" ಎನ್ನುವರು. ಅದನ್ನು ಕೇಳಿ ಹೌದುಹೌದು ಎನ್ನುವ ದಡ್ಡರೂ ಊರಲ್ಲಿದ್ದರು.

ನಾನು ಸರ್ಕಾರಿ ಆಸ್ಪತ್ರೆಯ ನರ್ಸು. ಹಳ್ಳಿ ಹಳ್ಳಿಗೆ ಹೋಗಿ ಬಸುರಿ ಬಾಣಂತಿಯರನ್ನು ನೋಡಿ ಬರುವ ಕೆಲಸ. ಬಸ್ಸು ನಂಬಿಕೊಂಡರೆ ಬೆಳಿಗ್ಗೆ ಹೋಗಬೇಕಾದ ಮನೆಗೆ ಮಧ್ಯಾಹ್ನ ಮುಟ್ಟುತ್ತಿದ್ದೆ. ಒಂದು ದಿನ ಡಾಕ್ಟರು, "ಸುತ್ತೋಕೆ ಆಗಲ್ಲ ಅಂದ್ರೆ ಹೇಳಮ್ಮ, ಬೇರೆಯವ್ರನ್ನ ಹಾಕ್ಕೊಳ್ತೀನಿ" ಎಂದರು. ಭಾವನವರ ಬಾಡಿಗೆ ಸೈಕಲ್ ಒಂದಕ್ಕೂ ನನ್ನ ಕಾಲು ಎಟುಕದು. ನಾನು ಅಷ್ಟು ಗಿಡ್ಡ. ಸೀಟು ಎಷ್ಟು ಇಳಿಸಿದರೂ ಪೆಡಲು ಕೆಳಗೆ ಹೋದಾಗ ಕಾಲು ಗಾಳಿಯಲ್ಲಿ. ಅದನ್ನು ನೋಡಿ ಅವರು ಮನಸಾರೆ ನಕ್ಕಿದ್ದರು.

ಆ ಹೊತ್ತಿಗೆ ಕೆಮ್ಮಣ್ಣುಗುಂಡಿ ಕಡೆಯ ಎಸ್ಟೇಟಿನವರೊಬ್ಬರು ಮನೆ ಖಾಲಿ ಮಾಡುತ್ತ, ಮಕ್ಕಳ ಹಳೆಯ ಬಿಎಂಎಕ್ಸ್ ಸೈಕಲನ್ನು ನನಗೆ ಕೊಟ್ಟರು. ಸಣ್ಣ ಚಕ್ರ, ದಪ್ಪ ಟೈರು, ತುಕ್ಕು ಹಿಡಿದ ಹ್ಯಾಂಡಲ್. ಪೂರ್ತಿ ಬಿಚ್ಚಿ ಗೋಣಿಚೀಲಕ್ಕೆ ತುಂಬಿದ್ದರು. ನನ್ನ ಅಳತೆಗೆ ಹೇಳಿ ಮಾಡಿಸಿದಂತಿತ್ತು. ಸೀಮೆಎಣ್ಣೆ ಹಾಕಿ ಒಂದೊಂದೇ ಸಾಮಾನು ತಿಕ್ಕಿದೆ. ಪೆಡಲಿನ ಅಚ್ಚು ಕೂರುವ ಕೊಳವೆಗೆ ಎರಡು ಕಡೆಯೂ ಬಟ್ಟಲಿನಂಥ ಕಪ್ಪುಗಳು. ಅವುಗಳ ಒಳಗೆ ಗುಂಡುಗಳು ತಿರುಗಬೇಕು. ಕಪ್ಪುಗಳನ್ನು ಬೆರಳಲ್ಲೇ ಹಾಕಿ ನೋಡಿದೆ. ಎಡಗಡೆಯದು ಬಲಕ್ಕೆ ತಿರುಗಿಸಿದರೆ ಒಳಗೆ ಹೋಯಿತು. ಚೈನಿನ ಕಡೆಯದು ಬಲಕ್ಕೆ ಹಿಡಿಯಲೇ ಇಲ್ಲ. ಎಡಕ್ಕೆ ತಿರುಗಿಸಿದೆ, ಬೆಣ್ಣೆಯ ಹಾಗೆ ಇಳಿಯಿತು. ಸ್ಪ್ಯಾನರಿನಲ್ಲಿ ಬಿಗಿಮಾಡುವುದೊಂದೇ ಬಾಕಿ ಎಂದು ಎಲ್ಲವನ್ನೂ ಅಂಗಡಿಗೆ ಒಯ್ದೆ.

ಭಾವನವರು ಚೈನಿನ ಕಡೆಯ ಕಪ್ಪನ್ನು ಬಿಗಿಮಾಡಲೆಂದು ಬಲಕ್ಕೆ ತಿರುಗಿಸಿದರು, ಅದು ಕಳಚಿ ಕೈಗೇ ಬಂತು.

"ಅದು ಎಡಕ್ಕೆ ಹೋಗುತ್ತೆ ಭಾವ. ನಾನು ನೋಡಿದೀನಿ" ಎಂದೆ.

ಅವರು ಅಂಗಡಿಯ ಮುಂದೆ ನಿಂತ ಗಿರಾಕಿಗಳ ಕಡೆ ತಿರುಗಿ, "ನಮ್ಮ ತಮ್ಮನ ಹೆಂಡ್ತಿ ನನ್ಗೆ ಕಸುಬು ಕಲಿಸ್ತಾಳೆ ಕಣ್ರಪ್ಪಾ" ಎಂದರು. ಆಮೇಲೆ ನನಗೆ, "ಗುಡಿ ಯಾವ ಕಡೆ ಸುತ್ತೀಯಮ್ಮಾ? ಎಡಕ್ಕೆ ಸುತ್ತೋದು ಯಾವಾಗ ಅಂತ ಗೊತ್ತಾ? ಬಾಯ್ಮುಚ್ಕೊಂಡು ನೋಡು."

ಸ್ಪ್ಯಾನರಿಗೆ ಉದ್ದನೆಯ ಪೈಪು ಸಿಕ್ಕಿಸಿ ಬಲಕ್ಕೆ ಜಗ್ಗಿದರು. ಕಪ್ಪು ಓರೆಯಾಗಿ ಕಚ್ಚಿಕೊಂಡು ಕಿರ್ರೆಂದಿತು. ಬಿಡಲಿಲ್ಲ, ಸುತ್ತಿಗೆಯಿಂದ ನಾಲ್ಕು ಬಡಿದರು. ಕಪ್ಪು ಸೀಳಿತು, ಕೊಳವೆಯ ಒಳಗಿನ ತಿರುಪಿನ ಸುತ್ತು ಕಿತ್ತು ಚೂರುಚೂರಾಗಿ ಉದುರಿತು. ನಾನು ಬಗ್ಗಿ ಚೂರುಗಳನ್ನು ಆರಿಸತೊಡಗಿದೆ. ಅವರೋ ಪಂಚೆಯ ಮೇಲೆ ಬಿದ್ದ ಚೂರನ್ನು ಆ ಉದ್ದನೆಯ ಉಗುರಿನಲ್ಲಿ ಹಾರಿಸಿ, "ಫಾರಿನ್ ಮಾಲು ಇಷ್ಟೇ. ನಾನು ಮೊದ್ಲೇ ಹೇಳ್ಲಿಲ್ವಾ" ಎಂದರು. ಮೊದಲು ಅವರು ಹಾಗೇನೂ ಹೇಳಿರಲಿಲ್ಲ. ಮಧ್ಯಾಹ್ನ ಊಟಕ್ಕೆ ಬಂದು ಹಪ್ಪಳ ಎರಡು ಸಲ ಕೇಳಿ ಹಾಕಿಸಿಕೊಂಡರು.

ಮರುದಿನ ಆ ಬೋಳು ಫ್ರೇಮನ್ನು ತೊಡೆಯ ಮೇಲಿಟ್ಟುಕೊಂಡು ಕಡೂರು ಬಸ್ಸು ಹತ್ತಿದೆ. ಲೇತಿನ ಅಂಗಡಿಯಲ್ಲಿ ಸುತ್ತನ್ನು ತಿದ್ದಿಸಿ, ಹೊಸ ಕಪ್ಪು ತಂದೆ. ಈ ಸಲ ಸೈಕಲನ್ನು ಬೇಕೆಂದೇ ಭಾವನವರ ಕುರ್ಚಿಯ ಎದುರಿಗೇ ತಲೆಕೆಳಗು ನಿಲ್ಲಿಸಿದೆ. ಸೆರಗು ಸಿಕ್ಕಿಸಿ, ಕಪ್ಪಿನೊಳಗೆ ಗ್ರೀಸ್ ಬಳಿದು, ಗುಂಡುಗಳನ್ನು ಒತ್ತಾಗಿ ಕೂರಿಸಿ, ಚೈನಿನ ಕಡೆಯದನ್ನು ಎಡಕ್ಕೆ ತಿರುಗಿಸಿ ಬಿಗಿಮಾಡಿದೆ. ಅಚ್ಚು ಅಲುಗಾಡದೆ ಸರಾಗವಾಗಿ ತಿರುಗಿತು. ಅವರು ಅಷ್ಟು ಹೊತ್ತೂ ಪೇಪರ್ ಹಿಡಿದಿದ್ದರು. ಹಾಳೆ ಮಾತ್ರ ಮಗುಚಲಿಲ್ಲ.

ವಾರ ಕಳೆಯುವುದರೊಳಗೆ ಅಂಗಡಿಯಲ್ಲಿ ಅವರ ದನಿ ಕೇಳಿತು: "ನಮ್ಮನೆ ಹೆಂಗಸ್ರೂ ಕಪ್ ಹಾಕ್ತಾರೆ ಕಣ್ರೀ. ನಾನೇ ಹೇಳ್ಕೊಟ್ಟಿದ್ದು." ಇಂಥವರ ಮೇಲೆ ಸಿಟ್ಟು ಮಾಡಿಕೊಳ್ಳುವುದೂ ದಂಡ ಎಂದು ನನಗೆ ಅವತ್ತು ಅನ್ನಿಸಿತು. ಬರೀ ತಾತ್ಸಾರ ಉಳಿಯಿತು. ಅದು ಈಗಲೂ ಇದೆ, ಮುಚ್ಚಿಡುವುದಿಲ್ಲ.

ಆಸ್ಪತ್ರೆಯ ಕೆಲಸ ನನ್ನ ಕೈಯಲ್ಲೇ ಉಳಿಯಿತು. ಆ ಗಿಡ್ಡ ಸೈಕಲ್ ಮೇಲೆ ವರ್ಷಗಟ್ಟಲೆ ಹಳ್ಳಿ ಸುತ್ತಿದೆ. ಅದಾದ ಮೇಲೆ ಯಾವ ಗಂಡಸು ನಿನಗೇನು ಗೊತ್ತು ಎಂದರೂ ನನ್ನ ಬೆರಳು ಕಂಡದ್ದನ್ನೇ ನಾನು ನಂಬಿದ್ದು. ಋಣ ಎನ್ನಲೇಬೇಕೆಂದರೆ ಅವರ ಋಣ ಅಷ್ಟೇ.

ಭಾವನವರು ತೀರಿಕೊಂಡದ್ದು ಬೆಳಗಿನ ಹೊತ್ತು. ಜಗಲಿಯಲ್ಲಿ ಮಲಗಿಸಿದ್ದರು, ಆ ಉಗುರು ಹಾಗೇ ಇತ್ತು. ಸುತ್ತು ಬಂದು ಬಾಯಿಗೆ ಅಕ್ಕಿ ಹಾಕಲು ಮನೆಯವರೆಲ್ಲ ಎದ್ದೆವು. ಅಳುತ್ತಿದ್ದ ನನ್ನ ಯಜಮಾನರು ಅಭ್ಯಾಸಬಲದಿಂದ ಬಲಕ್ಕೆ ಹೊರಟರು. ಪುರೋಹಿತರು ಅವರ ಭುಜ ಹಿಡಿದು, "ಎಡಕ್ಕೆ ಬನ್ನಿ ಸ್ವಾಮಿ, ಇವತ್ತು ಎಡಕ್ಕೆ" ಎಂದು ತಿರುಗಿಸಿದರು. ನನಗೆ ಯಾರೂ ಹೇಳಬೇಕಾಗಲಿಲ್ಲ. ಮುಷ್ಟಿಯಲ್ಲಿ ಅಕ್ಕಿ ಹಿಡಿದು ಅವರ ಸುತ್ತ ಎಡಕ್ಕೆ ಬಂದೆ. ಭಾವನವರು ಏನೂ ಅನ್ನಲಿಲ್ಲ.