ಮಾಸ್ತರರು ಓದದೆ ಬಿಟ್ಟ ಸುದ್ದಿ

ಆಗಿನ್ನೂ ಮುರಗೋಡಕ್ಕೆ ಬರುತ್ತಿದ್ದದ್ದು ಒಂದೇ ವಾರಪತ್ರಿಕೆ. ಅದನ್ನು ತರಿಸುತ್ತಿದ್ದವರು ಕನ್ನಡ ಸಾಲಿಯ ನಿಜಗುಣಪ್ಪ ಮಾಸ್ತರರು. ಶನಿವಾರ ಮಧ್ಯಾಹ್ನ ಬೈಲಹೊಂಗಲದ ಟಪಾಲು ಬಂದಿತೆಂದರೆ ಅವರು ರುಮಾಲು ಸುತ್ತಿಕೊಂಡು ಮಠದ ಮುಂದಿನ ಬೇವಿನ ಕಟ್ಟೆಗೆ ಹೋಗಿ ಕೂತುಬಿಡುತ್ತಿದ್ದರು. ಕರೆಯುವುದೇ ಬೇಡ, ಕಟ್ಟೆಯ ಸುತ್ತ ಊರು ನೆರೆಯುತ್ತಿತ್ತು.

ಅದು ಶುರುವಾದದ್ದು ಜಪಾನು ರಶಿಯಾವನ್ನು ಸೋಲಿಸಿದ ವರ್ಷ. ಬಣ್ಣಗಾರ ಲಕ್ಕಪ್ಪ ಸುದ್ದಿ ಕೇಳಿ ನಂಬಲೇ ಇಲ್ಲ. "ಜಪಾನು ಎಷ್ಟ ದೊಡ್ಡದೈತ್ರಿ ಮಾಸ್ತರ್ರ?" ಎಂದ. ಮಾಸ್ತರರು ಸಾಲಿಯಿಂದ ನಕಾಶೆ ತರಿಸಿ ತೋರಿಸಿದರು. ಲಕ್ಕಪ್ಪ ನೀಲಿ ಹತ್ತಿದ ಬೆರಳನ್ನು ಜಪಾನಿನ ಮೇಲಿಟ್ಟ. ಇಡೀ ದೇಶ ಬೆರಳಡಿ ಮುಚ್ಚಿಹೋಯಿತು. "ಇಷ್ಟs ಇದ್ದದ್ದು ಅಷ್ಟಕ್ಕ ಹೊಡದೈತಂದ್ರ, ಅವರ ತಾಯಂದಿರು ಎಂಥಾ ಹಾಲು ಕುಡಿಸಿರಬೇಕು!" ಎಂದು ಎಲ್ಲರನ್ನೂ ನಗಿಸಿದ್ದ. ನಕಾಶೆಯ ಮೇಲೆ ಆ ನೀಲಿ ಗುರುತು ಹಾಗೇ ಉಳಿಯಿತು. ಮುಂದೆ ಮಕ್ಕಳು ಜಪಾನು ಎಲ್ಲಿ ಎಂದರೆ ಅದನ್ನೇ ತೋರಿಸುತ್ತಿದ್ದರು.

ಏಳು ವರ್ಷದ ಮೇಲೆ ದೊಡ್ಡ ಹಡಗೊಂದು ಹಿಮದ ಗುಡ್ಡಕ್ಕೆ ಬಡಿದು ಮುಳುಗಿದ ಸುದ್ದಿ ಬಂದಾಗ, ಕಟ್ಟೆಯ ಪಕ್ಕದ ಬಾವಿಯ ಮಗ್ಗುಲಲ್ಲಿ ನಿಂತ ಹೆಂಗಸರು ಕಾಣದ ಜನರಿಗಾಗಿ ಕಣ್ಣೀರು ಹಾಕಿದ್ದರು. ಚುರಮುರಿ ಹುರಿದು ಮಾರುವ ಮುದಕವ್ವ ಅಳಲಿಲ್ಲ, ಸಿಟ್ಟಾದಳು. "ಮಲಪ್ರಭಾ ದಾಟೂ ಹರಗೋಲಕ್ಕೂ ದಾರಿ ನೋಡಾಂವ ಒಬ್ಬ ಅಂಬಿಗ ಇರತಾನ. ಅಷ್ಟ ದೊಡ್ಡ ಹಡಗಕ್ಕ ಒಬ್ಬ ಇದ್ದಿಲ್ಲೇನ್ರಿ?"

ಮಾಸ್ತರರಿಗೆ ಆಕೆಯ ಪ್ರಶ್ನೆಗಳೆಂದರೆ ಬಲು ಇಷ್ಟ. ಅಕ್ಷರ ಬಾರದ ಈ ಹೆಂಗಸು ಸುದ್ದಿಯ ಹುರುಳನ್ನು ಒಮ್ಮೆಗೇ ಹಿಡಿಯುತ್ತಾಳಲ್ಲ ಎಂದು ಮನೆಯಲ್ಲಿ ಹೆಂಡತಿಯ ಮುಂದೆ ಹೇಳಿಕೊಳ್ಳುತ್ತಿದ್ದರು. ಆಕೆಗೆ ಗಂಡನಿರಲಿಲ್ಲ. ಇದ್ದವನೊಬ್ಬನೇ ಮಗ ಜಟ್ಟೆಪ್ಪ, ಮಾಸ್ತರರ ಕೈಯಲ್ಲೇ ಮೂರನೆಯ ಇಯತ್ತೆ ಕಲಿತವನು. ಬೆಳಗಾವಿಗೆ ಹೋಗಿ ದಂಡಿನ ಪಲ್ಟಣಿಗೆ ಸೇರಿದ್ದ.

ಯುರೋಪಿನಲ್ಲಿ ಯುದ್ಧ ಹತ್ತಿಕೊಂಡಿತು. ಮೊದಲು ಅದರ ಬಿಸಿ ತಟ್ಟಿದ್ದು ಲಕ್ಕಪ್ಪನಿಗೆ. ಜರ್ಮನಿಯಿಂದ ಬರುತ್ತಿದ್ದ ಬಣ್ಣದ ಡಬ್ಬಿಗಳು ನಿಂತುಹೋದವು. ಸೀರೆಯ ಕೆಂಪು ಸೆರಗಿಗೆ ಮತ್ತೆ ಅಜ್ಜನ ಕಾಲದಂತೆ ಬೇರು ಜಜ್ಜಿ, ಕುದಿಸಿ ಬಣ್ಣ ತೆಗೆಯಬೇಕಾಯಿತು. "ಕೈಸರ್ ಅಲ್ಲಿ ತೋಪು ಹಾರಿಸಿದ್ರ ಇಲ್ಲಿ ನನ್ನ ಹಂಡೆ ಒಡೀತು ನೋಡ್ರಿ" ಎನ್ನುತ್ತಿದ್ದ. ಬೈಲಹೊಂಗಲದ ಪೇಟೆಯಲ್ಲಿ ಅರಳೆಯ ಅಂಡಿಗೆಗಳು ಹಡಗಿಲ್ಲದೆ ಕೊಳೆತವು. ಹಿಂದೆಂದೂ ಹೆಸರು ಕೇಳದ ಊರುಗಳು ಕಟ್ಟೆಯ ಮಾತಿನಲ್ಲಿ ನೆಂಟರ ಊರುಗಳಂತಾದವು.

ಜಟ್ಟೆಪ್ಪನ ಪಲ್ಟಣಿ ಬಸರಾಕ್ಕೆ ಹೋಯಿತು. ಅಲ್ಲಿಂದ ಅವನ ಕಾಗದಗಳು ಬರುತ್ತಿದ್ದವು. "ಇಲ್ಲಿ ಗಿಡಾ ಅಂದ್ರ ಖಜೂರಿ ಒಂದs. ನಮ್ಮ ರೊಟ್ಟಿ ಭಾಳ ನೆನಪಾಗತೈತಿ." ಮಾಸ್ತರರು ಅದನ್ನು ಓದಿದರೆ ಮುದಕವ್ವ ಎರಡನೆಯ ಸಲ ಓದಿಸುವಳು, ಮೂರನೆಯ ಸಲಕ್ಕೆ ತಾನೇ ಬಾಯಿಪಾಠ ಒಪ್ಪಿಸುವಳು. ಮುಂದಿನ ದೀಪಾವಳಿಯ ಹೊತ್ತಿಗೆ ಕಾಗದ ನಿಂತವು. ತಿಂಗಳ ಮೇಲೆ, ಪಲ್ಟಣಿ ನದಿಯ ದಂಡೆಯ ಕೂತ್ ಎಂಬ ಊರಿನಲ್ಲಿ ತುರ್ಕರ ಮುತ್ತಿಗೆಯಲ್ಲಿ ಸಿಕ್ಕಿಕೊಂಡಿದೆ ಎಂದು ಪತ್ರಿಕೆ ಬರೆಯಿತು. ಅದನ್ನು ಮಾಸ್ತರರು ಮುಚ್ಚಿಡದೆ ಓದಿದರು. ಬಿಡಿಸಲು ಬೇರೆ ದಂಡು ಹೊರಟಿದೆ ಎಂಬುದನ್ನೂ ಓದಿದರು.

೧೯೧೬ರ ಬಿಸಿಲು ಕೆಟ್ಟದಾಗಿತ್ತು. ಮೇ ತಿಂಗಳ ಒಂದು ಶನಿವಾರ ಮಾಸ್ತರರು ಕಟ್ಟೆಯ ಮೇಲೆ ಕೂತು ಪತ್ರಿಕೆ ಬಿಚ್ಚಿದರು. ಮೊದಲ ಪುಟದಲ್ಲೇ ಇತ್ತು: ಕೂತ್ ಬಿದ್ದಿದೆ. ಐದು ತಿಂಗಳು ಕುದುರೆಯ ಮಾಂಸ, ಹುಲ್ಲು ತಿಂದು ಕಾದ ದಂಡು ಹಸಿವಿನಿಂದ ಶರಣಾಗಿದೆ. ಸಾವಿರಾರು ಸಿಪಾಯರು ಸೆರೆಯಾಗಿದ್ದಾರೆ.

ಅವರು ತಲೆಯೆತ್ತಿದರು. ಮುದಕವ್ವ ಬಾವಿಯ ಮಗ್ಗುಲು ಬಿಟ್ಟು ಆಗಲೇ ಮುಂದೆ ಬಂದು ನಿಂತಿದ್ದಳು.

"ನಮ್ಮ ಜಟ್ಟೆಪ್ಪನ ಕಡೀ ಸುದ್ದಿ ಏನರ ಐತೇನ್ರಿ?"

"ಐತವ್ವಾ," ಎಂದರು ಮಾಸ್ತರರು. ನಾಲಿಗೆ ತನ್ನಷ್ಟಕ್ಕೆ ತಾನೇ ಹೊರಳಿತು. "ಬಿಡಸೂ ದಂಡು ಹತ್ತರ ಬಂದೈತಂತ. ಹೊಳಿಗೆ ನೀರು ಬಂದಾವ, ಅದಕ್ಕ ನಾಕ ದಿನ ತಡಾ ಆಗೇತಿ."

ಮುದಕವ್ವ ಮಠದ ಕಡೆಗೆ ಕೈಮುಗಿದು, ಅಂದು ಎಲ್ಲರ ಉಡಿಗೂ ಚುರಮುರಿ ಸುರಿದಳು.

ಮರುವಾರ ನಿಜ ಹೇಳಬೇಕೆಂದೇ ಹೊರಟರು. ಆದರೆ ಆಕೆಯ ಮುಖ ನೋಡಿ ಮತ್ತೆ ಅದೇ ಆಯಿತು. ದಂಡಿನವರಿಗೆ ಹಿಟ್ಟಿನ ಚೀಲ ಮುಟ್ಟಿವೆ, ದಿನಕ್ಕೆರಡು ಹೊತ್ತು ಊಟ ಆಗುತ್ತಿದೆ ಎಂದರು. ಮೂರನೆಯ ಶನಿವಾರ ಕಟಕೋಳದಿಂದ ಚಕ್ಕಡಿ ಕಟ್ಟಿಸಿಕೊಂಡು ಯಲ್ಲವ್ವ ಎಂಬ ಹೆಣ್ಣುಮಗಳು ಬಂದಿದ್ದಳು. ಅವಳ ಅಣ್ಣನೂ ಅದೇ ಪಲ್ಟಣಿಯಲ್ಲಿದ್ದ. "ಮುರಗೋಡದ ಪೇಪರಿನಾಗ ಚಲೋ ಸುದ್ದಿ ಬರತೈತಂತ, ಕೇಳಾಕ ಬಂದೇನ್ರಿ," ಎಂದು ಮಾಸ್ತರರ ಕಾಲು ಮುಟ್ಟಿದಳು. ಮಾಸ್ತರರು ಅವತ್ತು ಓದಿದ್ದೇನು, ಹೇಳಿದ್ದೇನು, ಅವರಿಗೇ ನೆನಪುಳಿಯಲಿಲ್ಲ. ಮನೆಗೆ ಬಂದು ಊಟ ಬೇಡವೆಂದರು.

ಮುಂದಿನ ಗುರುವಾರ ಮುದಕವ್ವ ಸಾಲಿಯ ಬಾಗಿಲಿಗೇ ಬಂದಳು. ಕೈಯಲ್ಲಿ ಬೆಲ್ಲದ ಜಿಗುಟು ಹತ್ತಿದ ಪತ್ರಿಕೆಯ ತುಂಡೊಂದಿತ್ತು.

"ಬೈಲಹೊಂಗಲದ ಪ್ಯಾಟ್ಯಾಗ ಇದರಾಗ ಬೆಲ್ಲಾ ಕಟ್ಟಿಕೊಟ್ಟಿದ್ದರ್ರಿ. ಅಂಗಡ್ಯಾಂವ ಓದಿ ಹೇಳಿದಾ. ಮೂರ ವಾರದ ಹಿಂದಿಂದಂತ ಇದು. ನೀವು ತರಸೂ ಪೇಪರs ಅಂತ."

ಮಾಸ್ತರರು ಕುರ್ಚಿಯಿಂದ ಎದ್ದು ನಿಂತರು. "ತಪ್ಪಾತು ಮುದಕವ್ವಾ. ನಿನ್ನ ಮಾರಿ ನೋಡಿ ಓದಾಕ ಬಾಯಿ ಬರಲಿಲ್ಲ."

"ಮೂರ ವಾರ ನಾ ಚುರಮುರಿ ಹಂಚಿ ನಕ್ಕೊಂತ ಅಡ್ಡಾಡೇನ್ರಿ. ಅಲ್ಲೆ ನನ್ನ ಮಗಾ ಸೆರಿಯಾಗಿದ್ದಾ." ಆಕೆಯ ದನಿ ಏರಲಿಲ್ಲ. "ಇನ್ನ ಮ್ಯಾಲೆ ಬರದದ್ದು ಬರದ್ಹಂಗ ಓದ್ರಿ. ಅಳೂದು ನನ್ನ ಕೆಲಸ, ಅದನ್ನ ನೀವು ಮಾಡಬ್ಯಾಡ್ರಿ."

ಆ ಶನಿವಾರ ಮಾಸ್ತರರು ಹಳೆಯ ಮೂರು ಪತ್ರಿಕೆಗಳನ್ನೂ ಕಟ್ಟೆಗೆ ತಂದರು. ತಾವು ಸುಳ್ಳು ಹೇಳಿದ್ದನ್ನು ಮೊದಲು ಒಪ್ಪಿಕೊಂಡು, ಆಮೇಲೆ ಒಂದಕ್ಷರ ಬಿಡದೆ ಮೂರನ್ನೂ ಓದಿದರು. ಲಕ್ಕಪ್ಪ ಸಿಟ್ಟಿನಿಂದ ನಡುವೆಯೇ ಎದ್ದು ಹೋದ. ತಿಂಗಳೆರಡು ತಿಂಗಳು ಕಟ್ಟೆಯ ಕಡೆ ಮುಖ ಹಾಕಲಿಲ್ಲ. ಮುದಕವ್ವ ಸೆರಗು ಬಾಯಿಗೆ ಒತ್ತಿಕೊಂಡು ಕೊನೆಯ ಸಾಲಿನವರೆಗೂ ನಿಂತಿದ್ದಳು. ಮರುದಿನ ಮಾಸ್ತರರು ಕಟಕೋಳಕ್ಕೆ ತಾವೇ ಹೋಗಿ ಯಲ್ಲವ್ವನಿಗೂ ತಿಳಿಸಿ ಬಂದರು. ಅವಳು ಬಾಗಿಲು ಹಾಕಿಕೊಂಡಳು. ಕಟ್ಟೆಯ ಬಳಿ ಅವಳನ್ನು ಮತ್ತೆ ಯಾರೂ ನೋಡಲಿಲ್ಲ.

ಅಲ್ಲಿಂದ ಮುಂದೆ ಮಾಸ್ತರರಿಗೂ ಮುದಕವ್ವನಿಗೂ ಕಾಗದ ಬರೆಯುವುದು, ಬರೆಸುವುದೇ ಕೆಲಸವಾಯಿತು. ಬೆಳಗಾವಿಯ ದಂಡಿನ ಕಚೇರಿಗೆ ಒಂದು, ಮುಂಬಯಿಗೆ ಒಂದು. "ಹೆಸರಿನ ಪತ್ತೆ ಇಲ್ಲ" ಎಂದೇ ಉತ್ತರ. ಮುಂದಿನ ವರ್ಷ ಸುಗ್ಗಿಯ ದಿನಗಳಲ್ಲಿ ಒಂದು ಕಾರ್ಡು ಬಂತು. ಮೇಲೆಲ್ಲ ಗೊತ್ತಿಲ್ಲದ ಭಾಷೆಯಲ್ಲಿ ಒತ್ತಿದ ಶಿಕ್ಕೆಗಳು. ಕೆಳಗೆ, ಮೂರನೆಯ ಇಯತ್ತೆಯ ಗುಂಡಗಿನ ಅಕ್ಷರದಲ್ಲಿ, ಎರಡೇ ಸಾಲು: "ತುರ್ಕರ ಗುಡ್ಡದಾಗ ರೈಲು ಹಾದಿ ಹಾಕಾಕ ಹತ್ತೇವಿ. ಜೀವಂತ ಅದೇನಿ." ಮುದಕವ್ವ ಈ ಕಾಗದವನ್ನು ಎರಡನೆಯ ಸಲ ಓದಿಸಲಿಲ್ಲ. ಕಾರ್ಡನ್ನು ಕೈಗೆ ತಗೊಂಡು, ಕಟ್ಟೆಯ ಕೆಳಗೆ ಧೂಳಿನಲ್ಲೇ ಕೂತು ಅತ್ತಳು.

ಜಟ್ಟೆಪ್ಪ ತಿರುಗಿ ಬಂದದ್ದು ೧೯೧೯ರಲ್ಲಿ. ಗಲ್ಲ ಒಳಸೇರಿದ್ದವು, ಒಂದು ಕಾಲು ಎಳೆಯುತ್ತಿತ್ತು. ತಾಯಿಯ ಹುರಿಯುವ ಒಲೆಯ ಮುಂದೆ ಮೂರು ತಿಂಗಳು ಮಾತಿಲ್ಲದೆ ಕೂತ. ಆಮೇಲೊಂದು ಶನಿವಾರ ಕಟ್ಟೆಗೆ ಬಂದ. ಮಾಸ್ತರರು ಬಸರಾ ಕಡೆಯ, ಮೆಸಪೊಟೇಮಿಯದ ಯಾವುದೋ ಊರಿನ ಸುದ್ದಿ ಓದುತ್ತಿದ್ದರು. "ಹಂಗಲ್ಲರಿ ಮಾಸ್ತರ್ರ," ಎಂದ. ಎಲ್ಲರೂ ತಿರುಗಿದರು. ಆ ಊರು ಹೊಳೆಯ ಯಾವ ದಂಡೆಯಲ್ಲಿದೆ, ಅಲ್ಲಿಯ ಮಂದಿ ಸೆರೆಯಾಳಿಗೆ ಗೋಡೆಯ ಆಚೆಯಿಂದ ಹೇಗೆ ರೊಟ್ಟಿ ಎಸೆಯುತ್ತಿದ್ದರು ಎಂದು ಹೇಳುತ್ತ ಹೋದ. ಮಾಸ್ತರರು ಪತ್ರಿಕೆ ಮಡಿಚಿ ಮಗ್ಗುಲಿಗಿಟ್ಟು ಕೇಳಿದರು. ಆ ವರ್ಷದ ಶನಿವಾರಗಳಷ್ಟು ಚಲೋ ಶನಿವಾರಗಳು ತಮ್ಮ ಜನ್ಮದಲ್ಲಿ ಬರಲಿಲ್ಲ ಎಂದು ಅವರು ಮುಂದೆ ಎಷ್ಟೋ ಸಲ ಹೇಳಿದ್ದುಂಟು.

ಕಾಲ ಬದಲಾಯಿತು. ಪತ್ರಿಕೆಗಳು ಹೆಚ್ಚಿದವು, ಕಲಿತವರೂ ಹೆಚ್ಚಿದರು. ಚಹದಂಗಡಿಯಲ್ಲಿ ಒಬ್ಬೊಬ್ಬರು ಒಂದೊಂದು ಹಾಳೆ ಹಿಡಿದು ತಮ್ಮಷ್ಟಕ್ಕೆ ತಾವು ಓದಿಕೊಂಡು ಎದ್ದು ಹೋಗುತ್ತಿದ್ದರು. ಪಿಂಚಣಿಯಾದ ಮೇಲೂ ಮಾಸ್ತರರು ತಮ್ಮ ಪ್ರತಿಯನ್ನು ಬಿಡಲಿಲ್ಲ. ಮನೆಯ ಪಡಸಾಲೆಯಲ್ಲಿ ಕೂತು ಓದುವರು. ಯಾವುದೋ ಸುದ್ದಿಗೆ ತಡೆದು, ಯಾರಾದರೂ ಏನಾದರೂ ಕೇಳಿಯಾರೆಂದು ತಲೆಯೆತ್ತುವರು. ಎದುರಿಗೆ ಗೋಡೆ ಇರುತ್ತಿತ್ತು.

"ಯಾರಿಗೆ ಓದಾಕ ಹತ್ತೀರಿ?" ಎಂದು ಹೆಂಡತಿ ಅಡುಗೆಮನೆಯಿಂದ ಕೇಳುವಳು.

"ನೀನs ಬಾ," ಎಂದರು ಒಂದು ದಿನ. ಆಕೆ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಬಂದು ಎದುರಿಗೆ ಕೂತಳು. ಮಾಸ್ತರರು ಗಂಟಲು ಸರಿಮಾಡಿಕೊಂಡು ಮೊದಲ ಪುಟದಿಂದ ಶುರುಮಾಡಿದರು.