ಉಚ್ಚೆ ಬಟ್ಟೆ ಮೂಸುತ್ತಿದ್ದ ಡಾಕ್ಟರು

ಮಕಾನದಾರ ಡಾಕ್ಟರು ಕೂಸುಗಳ ಉಚ್ಚೆ ಬಟ್ಟೆಯನ್ನು ಮೂಗಿಗೆ ಹಿಡಿದು ಮೂಸುತ್ತಿದ್ದರು. ಬಸವನ ಬಾಗೇವಾಡಿಯ ಬಾಡಿಗೆ ಕೋಣೆಯೇ ಅವರ ದವಾಖಾನೆ. ಕಾಯುತ್ತ ಕೂತ ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡರೆ, "ಉಚ್ಚಿ ಸುಳ್ಳ ಹೇಳಂಗಿಲ್ಲವಾ, ಮನಷ್ಯಾ ಹೇಳ್ತಾನ" ಎನ್ನುವರು. ಉಚ್ಚೆಗೆ ಹೇಸದ ಅವರು ಮಂದಿಗೆ ಮಾತ್ರ ಬಹಳ ಹೇಸುತ್ತಿದ್ದರು. ಮಾತಿಗೊಮ್ಮೆ ಥೂ. ಬೈಸಿಕೊಂಡವರೇ ಮತ್ತೆ ಬರುತ್ತಿದ್ದರು, ಕೈಗುಣ ಹಾಗಿತ್ತು.

ಅರವತ್ತರ ದಶಕದ ಮೊದಲ ವರ್ಷಗಳು. ನನ್ನ ಅಕ್ಕ ಗಂಗವ್ವನನ್ನು ಗೊಳಸಂಗಿಯ ಸೋದರಮಾವನಿಗೇ ಕೊಟ್ಟಿದ್ದರು. ನಮ್ಮ ಕಪ್ಪು ಮನೆತನದಲ್ಲಿ ಅವಳ ಕೂಸು ಬೆಳ್ಳಗೆ, ಕೆಂಚುಗೂದಲಿನದು ಹುಟ್ಟಿತು. ಮಾವನ ತಾಯಿ, ನಮ್ಮಜ್ಜಿ, ಗೊಂಬೆ ಗೊಂಬೆ ಎಂದು ಊರಿಗೆಲ್ಲ ತೋರಿಸಿ ಬಂದಳು. ಎರಡು ವರ್ಷವಾದರೂ ಅದು ಕೂರಲಿಲ್ಲ, ಅವ್ವಾ ಎನ್ನಲಿಲ್ಲ. ಗೊಂಬೆ ಎಂದವಳ ಬಾಯಲ್ಲೇ ಅದು ಪೀಡೆಯಾಯಿತು. ಅಜ್ಜಿ, ಮಾವ, ಅಕ್ಕನ ಜೊತೆ ನಾನೂ ಚಕ್ಕಡಿ ಏರಿ ಡಾಕ್ಟರ ಬಳಿ ಹೋದೆ.

ಬಟ್ಟೆ ಮೂಸಿದ ಡಾಕ್ಟರು, "ಇಲಿ ಹೊಕ್ಕ ಜ್ವಾಳದ ಹಗೇವಿನ ನಾತ" ಎಂದರು, ನೆಲದೊಳಗಿನ ಕಾಳಿನ ಕಣಜದ ನಾತ. ಗಾಜಿನ ನಳಿಕೆಯಲ್ಲಿ ಕೂಸಿನ ಉಚ್ಚೆ ಹಿಡಿದು ಕಂದು ಔಷಧ ಹನಿಸಿದರು. ಕಡುಹಸಿರಾಯಿತು.

"ಹುಟ್ಟಿದಾಗಿಂದನ ಬಂದ ಬ್ಯಾನಿ. ತಂದೀದೊಂದು ಪಾಲು, ತಾಯೀದೊಂದು ಪಾಲು ಕೂಡಿದ್ರನ ಬರ್ತೈತಿ. ಒಳಗಿನ ಸಂಬಂಧದಾಗ ಕೂಡೂದು ಹೆಚ್ಚು."

"ನನ್ನ ಮಗಂದೂ ಹಾಕಿ ನೋಡ್ರಿ ಹಂಗಾರ!" ಎಂದಳು ಅಜ್ಜಿ.

ಹಾಕಿದರು. ಹಸಿರಾಗಲಿಲ್ಲ.

"ನೋಡ್ರಿ, ನನ್ನ ಮಗ ಚೊಕ್ಕ ಅದಾನ. ಎಲ್ಲಾ ಇಕಿ ಹೊಟ್ಟೀದ ದೋಷ."

"ಕೂಡ್ರಬೇ! ಬ್ಯಾನಿ ಬಿದ್ದವರದಷ್ಟ ಹಸರ ಆಗ್ತೈತಿ. ಹೊತ್ತವರದು ಆಗಂಗಿಲ್ಲ."

ಅಕ್ಕನದಕ್ಕೂ ಹನಿಸಿದರು. ಅದೂ ಹಸಿರಾಗಲಿಲ್ಲ. ಅದನ್ನು ನೋಡಲು ಅಜ್ಜಿ ಇರಲೇ ಇಲ್ಲ, ಮಗನನ್ನು ಎಳೆದುಕೊಂಡು ಹೋಗಿ ಚಕ್ಕಡಿಯಲ್ಲಿ ಕೂತಿದ್ದಳು.

ಮಾವ ಚೊಕ್ಕ ಎಂದು ಡಾಕ್ಟರೇ ತೋರಿಸಿಕೊಟ್ಟರೆಂಬ ಸುದ್ದಿ ಹಬ್ಬಿತು. ಅಕ್ಕ ಕೂಸಿನೊಂದಿಗೆ ತವರಿಗೆ ಬಂದು ಬಿದ್ದಳು. ಅವಳ ಜಾಗಕ್ಕೆ ನನ್ನನ್ನು ಕೊಡುವುದೆಂದು ಹಿರಿಯರು ಎಲೆ ಅಡಿಕೆ ಹಿಡಿದು ಕೂತರು. ಹೇಗೋ ತಿಳಿದು ಡಾಕ್ಟರು ಸೈಕಲ್ ತುಳಿದುಕೊಂಡು ಬಂದರು. ಅಂಗಳದಲ್ಲೇ ನಿಂತರು, ನೀರೂ ಮುಟ್ಟಲಿಲ್ಲ.

"ಇಕಿನೂ ಅಕಿ ಬೆನ್ನಿಗೆ ಬಿದ್ದಾಕಿ. ಇಕಿ ಒಳಗೂ ಆ ಪಾಲು ಇರಬಹುದು. ಕೊಡಬ್ಯಾಡ್ರಿ."

ಅಪ್ಪ ಕೇಳಿದ: "ಇಕೀದೂ ಹಾಕಿ ನೋಡ್ರಲಾ ಸಾಹೇಬ್ರ. ಹಸರಾದ್ರ ಬಿಡ್ತೀವಿ."

"ಆಗಂಗಿಲ್ಲರಿ. ಒಳಗ ಅಡಗಿದ್ದು ನನ್ನ ಔಷಧಕ್ಕ ಕಾಣಂಗಿಲ್ಲ."

ಹಿರಿಯರೆಲ್ಲ ಗೊಳ್ಳೆಂದು ನಕ್ಕರು. ಒಂದು ಸುಳ್ಳು ಹೇಳಿದ್ದರೆ ನಾನು ಉಳಿಯುತ್ತಿದ್ದೆ. ಅವರ ಬಾಯಿಗೆ ಅದು ಬರಲಿಲ್ಲ. ನನ್ನನ್ನೊಮ್ಮೆ ನೋಡಿ, ಎಲೆ ಅಡಿಕೆಯ ತಟ್ಟೆಯತ್ತ ಥೂ ಎಂದು ಹೋದರು. ಅದೇ ಅವರನ್ನು ಕಂಡದ್ದು ಕೊನೆ. ಆ ಹಿರಿಯರು ಅವತ್ತು ಹೋಳಿಗೆಗೆ ತುಪ್ಪ ಸುರಿದುಕೊಂಡು ಉಂಡದ್ದು ನೆನಪಾದರೆ ಇಂದಿಗೂ ನನಗೆ ವಾಕರಿಕೆ ಬರುತ್ತದೆ.

ನಮ್ಮವರು ಅವರಿಗೆ ಉಚ್ಚಿ ಡಾಕ್ಟರ್ ಎಂದು ಹೆಸರಿಟ್ಟು ಸಂತೆ ಸಂತೆಗೂ ಆಡಿಕೊಂಡರು. ರೋಗಿಗಳು ಕಡಿಮೆಯಾದರು. ಅವರು ಊರು ಬಿಟ್ಟರಂತೆ, ಎಲ್ಲಿಗೆಂದು ಯಾರೂ ಕೇಳಲಿಲ್ಲ.

ನನಗೆ ಗಂಡು ಹುಟ್ಟಿತು. ಬೆಳ್ಳಗಿತ್ತು. ಅಜ್ಜಿ ಮತ್ತೆ ಊರಿಗೆಲ್ಲ ತೋರಿಸಿದಳು. ಒಂದು ದಿನ ಯಾರೂ ಇಲ್ಲದಾಗ ಅದರ ಬಟ್ಟೆಯನ್ನು ಮೂಗಿಗೆ ಹಿಡಿದೆ. ಹಗೇವಿನ ನಾತ.

ಆ ಹಸಿ ಬಟ್ಟೆ ಮಡಚಿಕೊಂಡು ಬಾಗೇವಾಡಿಗೆ ಹೋದೆ. ಅದೇ ಕೋಣೆ, ಅದೇ ಮೇಜು. ಕುರ್ಚಿಯಲ್ಲಿ ಹೊಸ ಡಾಕ್ಟರು.

"ಇದನ್ನೀಟು ಮೂಸಿ ನೋಡ್ರಿ" ಎಂದು ಮುಂದಿಟ್ಟೆ.

ಆತ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಹಾರಿ ನಿಂತ. "ಛೀ! ಎಂಥಾ ಹೊಲಸ ಹೆಂಗಸು! ಮೊದಲ ಅದನ್ನ ಹೊರಗ ಒಗಿ."